ಗಾಂಧಿ ಬಜಾರಿನ ಭಾವನೆಗಳ ಮ್ಯಾಪ್: ಹೀಟ್‌ಮ್ಯಾಪ್ ಕಿತ್ತುಹಾಕಿದ ಮೇಲೆ

ಬೆವರು ಅಳೆದು ಮನಸ್ಸು ಓದ್ತೀರಾ ಎಂದು ನಕ್ಕವರಿಗೆ ಈಗ ನನ್ನ ಮ್ಯಾಪಿನ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ: ಗಾಂಧಿ ಬಜಾರಿನಲ್ಲಿ ನಡೆದವರ ಬೆವರು ಎಲ್ಲೆಲ್ಲಿ ಏರಿತು, ಅಲ್ಲಿ ಅವರಿಗೇನನ್ನಿಸಿತು ಎಂದು ತೋರಿಸುವ ಮ್ಯಾಪ್. ಐಡಿಯಾ ಹೊಸದಲ್ಲ. ಕ್ರಿಶ್ಚಿಯನ್ ನೋಲ್ಡ್ ಎಂಬ ಕಲಾವಿದ 2004ರಲ್ಲೇ ಬಯೋ ಮ್ಯಾಪಿಂಗ್ ಶುರುಮಾಡಿ, ಆಮೇಲೆ ಲಂಡನ್ನಿನ ಗ್ರೀನಿಚ್‌ನಲ್ಲಿ ಜನರನ್ನು ನಡೆಸಿ ಮ್ಯಾಪ್ ತಂದಿದ್ದರು: ಬೆರಳಿಗೆ ಜಿಎಸ್‌ಆರ್ ಸೆನ್ಸರ್ (ಬೆವರಿದಾಗ ಚರ್ಮದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವಂಥದ್ದು), ಜೊತೆಗೆ ಜಿಪಿಎಸ್. ಅದನ್ನೇ ಬಸವನಗುಡಿಯಲ್ಲಿ ಮಾಡಲು ನಾಲ್ಕು ತಿಂಗಳು ಹಿಡಿಯಿತು.

ಒಂದು ಕಿಟ್‌ಗೆ ಆಗ ಸುಮಾರು 2,500 ರೂಪಾಯಿ ಬಿತ್ತು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ನಿಯೋ-6ಎಂ ಎಂಬ ಜಿಪಿಎಸ್, ಜಿಎಸ್‌ಆರ್ ಬೋರ್ಡ್, ಎಸ್‌ಡಿ ಕಾರ್ಡ್. ಮೊದಲನೆಯದು ಸುಟ್ಟೇ ಹೋಯಿತು: ಸೆನ್ಸರ್‌ಗೆ 5 ವೋಲ್ಟ್ ಕೊಟ್ಟು ಔಟ್‌ಪುಟ್ಟನ್ನು ನೇರ ಇಎಸ್‌ಪಿ32ರ ಪಿನ್‌ಗೆ ಸಿಕ್ಕಿಸಿದ್ದೆ, ಆ ಪಿನ್ ತಾಳುವುದು 3.3 ವೋಲ್ಟ್. ಪವರ್ ಬ್ಯಾಂಕ್ ಇನ್ನೊಂದು ಕಾಟ. ಎಳೆಯುವ ಕರೆಂಟ್ ಕಡಿಮೆಯಾದರೆ ನಡುದಾರಿಯಲ್ಲಿ ತಾನೇ ಆಫ್ ಆಗುತ್ತದೆ. ಐದಾರು ನಡಿಗೆ ಹಾಳು.

ದೊಡ್ಡ ಪೆಟ್ಟು ಹೀಟ್ ಪ್ಲಗಿನ್‌ದು, ಅಂದರೆ ವೆಬ್ ಮ್ಯಾಪ್ ಕಟ್ಟುವ ಲೀಫ್ಲೆಟ್‌ಗೆ ಹೀಟ್‌ಮ್ಯಾಪ್ ಬಣ್ಣ ಬಳಿದುಕೊಡುವ ಕೋಡ್‌ನದು. ಟ್ರಾಫಿಕ್ ಸಿಗ್ನಲ್ ಹತ್ತಿರ ದಟ್ಟ ಕೆಂಪು. ನೋಡಿದವರೆಲ್ಲ "ಟ್ರಾಫಿಕ್ ಟೆನ್ಶನ್ ಸರಿಯಾಗಿ ಹಿಡಿದಿದೆ" ಎಂದರು. ಶುದ್ಧ ಸುಳ್ಳು. ಸೆಕೆಂಡಿಗೊಂದು ಬಿಂದು, ಒಂದೂವರೆ ನಿಮಿಷ ನಿಂತರೆ ಅಲ್ಲೇ 90 ಬಿಂದು, ಪ್ಲಗಿನ್ ಅವನ್ನೆಲ್ಲ ಕೂಡಿಸಿ ಬಣ್ಣ ಬಳಿಯುತ್ತದೆ. ಜನ ಎಲ್ಲಿ ಹೆಚ್ಚು ಹೊತ್ತು ನಿಂತರು ಎಂಬುದಷ್ಟೇ ಅದರಲ್ಲಿತ್ತು.

ಅದನ್ನು ಕಿತ್ತು, ಮ್ಯಾಪ್ ಲೆಕ್ಕಾಚಾರದ ಟರ್ಫ್ ಎಂಬ ಕೋಡ್‌ನಲ್ಲಿ ಮ್ಯಾಪಿನ ಮೇಲೆಲ್ಲ 25 ಮೀಟರಿನ ಷಡ್ಭುಜ ಹಾಕಿದೆ. ಪ್ರತಿ ರೀಡಿಂಗ್‌ನಿಂದ ಹಿಂದಿನ 30 ಸೆಕೆಂಡಿನ ಮೀಡಿಯನ್ (ನಡುವಿನ ಬೆಲೆ) ಕಳೆದು, ಆಯಾ ವ್ಯಕ್ತಿಯದೇ ಏರಿಳಿತಕ್ಕೆ ಭಾಗಿಸಿ, ಒಂದು ಷಡ್ಭುಜಕ್ಕೆ ಒಬ್ಬರಿಂದ ಒಂದೇ ಸಂಖ್ಯೆ. ಐದು ಜನ ಹಾಯದ ಕಡೆ ಬಣ್ಣವೇ ಇಲ್ಲ. ಕೈಚೀಲ ಎತ್ತಿದಾಗ ಎಲೆಕ್ಟ್ರೋಡ್ ಅಲುಗಿ ಬರುವ ಸುಳ್ಳು ಏರಿಕೆಯನ್ನು ಸೋಸುವ ಉಪಾಯ ಸದ್ಯ ನನ್ನಲ್ಲೇ ಇರಲಿ.

ಚರ್ಮ ಪ್ರತಿಕ್ರಿಯಿಸುವುದು ಒಂದರಿಂದ ಮೂರು ಸೆಕೆಂಡ್ ತಡ. ಅದನ್ನು ಸರಿದೂಗಿಸಲು ಒಂದು ವಾರ ಕೂತೆ. ಮೂರು ಸೆಕೆಂಡಿನ ನಡಿಗೆ ಎಂದರೆ ನಾಲ್ಕು ಮೀಟರ್. ಮರಗಳ ಕೆಳಗೆ ಜಿಪಿಎಸ್ಸೇ ಹತ್ತು ಮೀಟರ್ ಆಚೀಚೆ, ಆ ವಾರ ದಂಡ! ಬಿಸಿಲೇರಿದ ಮೇಲೆ ರೀಡಿಂಗ್ ಮೇಲಕ್ಕೆ ಹೋಗಿ ಅಲ್ಲೇ ಕೂರುತ್ತದೆ, ಬೆಳಗ್ಗೆ ಒಂಬತ್ತರೊಳಗೆ ಮುಗಿಸಿಬಿಡಿ.

ಸೆನ್ಸರ್‌ಗೆ ಖುಷಿಯೂ ಸಿಟ್ಟೂ ಒಂದೇ. ಮಲ್ಲಿಗೆ ರಾಶಿಯ ಮುಂದೂ ಏರುತ್ತದೆ, ಫುಟ್‌ಪಾತ್ ಮೇಲೆ ಬೈಕ್ ನುಗ್ಗಿದರೂ ಏರುತ್ತದೆ. ನಡಿಗೆ ಮುಗಿದ ಹತ್ತು ನಿಮಿಷದೊಳಗೆ ಗ್ರಾಫ್ ಮುಂದಿಟ್ಟು "ಇಲ್ಲೇನಾಯ್ತು?" ಎಂದು ಕೇಳಿ ಬರೆದುಕೊಳ್ಳಬೇಕು, ಸಂಜೆ ಫೋನ್ ಮಾಡಿದರೆ ನೆನಪಿರುವುದಿಲ್ಲ. ಬಣ್ಣ ಆ ಮಾತಿನಿಂದ, ಗಾಢತೆ ಸೆನ್ಸರ್‌ನಿಂದ. ಷಡ್ಭುಜ ಒತ್ತಿದರೆ ಮಾತು ತೆರೆಯುತ್ತದೆ. ಇಷ್ಟಾದ ಮೇಲೆಯೇ ಜನ ನಂಬಿದ್ದು.

ನಡುವೆ ಸೋಷಿಯಲ್ ಮೀಡಿಯಾ ಪೋಸ್ಟ್‌ಗಳಿಂದಲೂ ಪ್ರಯತ್ನಿಸಿದೆ. "ಸಕತ್ತಾಗಿದೆ ಬಿಡಪ್ಪ ರೋಡು" ಎಂಬುದನ್ನು ಪ್ರೋಗ್ರಾಂ ಹೊಗಳಿಕೆ ಎಂದುಕೊಂಡು ಹಸಿರು ಬಳಿಯಿತು. ಕೈಬಿಟ್ಟೆ.

ಮ್ಯಾಪಿನ ಡೇಟಾ ಇಡುವ ಜಿಯೋಜೇಸನ್ ಫೈಲ್‌ನಲ್ಲಿ ರೇಖಾಂಶ ಮೊದಲು, ಲೀಫ್ಲೆಟ್ ಮಾರ್ಕರ್‌ನಲ್ಲಿ ಅಕ್ಷಾಂಶ ಮೊದಲು. ಇದು ಅದಲುಬದಲಾಗಿ ಒಮ್ಮೆ ಇಡೀ ಗಾಂಧಿ ಬಜಾರ್ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಬಿದ್ದಿತ್ತು. ಮ್ಯಾಪ್ ಹೊರಬಿಡುವ ಮುಂಚೆ ಪ್ರತಿ ನಡಿಗೆಯ ಮೊದಲ ಮತ್ತು ಕೊನೆಯ 100 ಮೀಟರ್ ಕತ್ತರಿಸಿ, ಇಲ್ಲದಿದ್ದರೆ ಯಾರ ಮನೆ ಎಲ್ಲಿ ಎಂದು ಊರಿಗೆಲ್ಲ ಗೊತ್ತಾಗುತ್ತದೆ.