ಮೊದಲ ಕಾಲುಚೀಲ ಹೆಣೆಯಲು ನೂಲು, ಕಡ್ಡಿ ಕೊಳ್ಳುವ ಮುನ್ನ

ಚಿಕ್ಕಪೇಟೆಗೆ ಉಲ್ಲನ್ ತರಲು ಹೊರಟವರು ದಯವಿಟ್ಟು ಬಣ್ಣಕ್ಕೆ ಮರುಳಾಗಬೇಡಿ, ಮೊದಲು ಉಂಡೆಯ ಚೀಟಿ ಓದಿ. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಉಣ್ಣೆ ಹಿಗ್ಗಿ ಕಾಲಿಗೆ ಒಪ್ಪವಾಗಿ ಕೂರುತ್ತದೆ, ನೈಲಾನ್ ಹಿಮ್ಮಡಿ ಬೇಗ ಸವೆಯದಂತೆ ಕಾಯುತ್ತದೆ. ಬರೀ ಹತ್ತಿಯ ನೂಲು ಬೆಂಗಳೂರಿನ ಹವೆಗೆ ಹಿತವೆನಿಸಿದರೂ ಅದಕ್ಕೆ ಹಿಗ್ಗಿ ಕುಗ್ಗುವ ಗುಣ ಕಡಿಮೆ. ನಾನು ಹೆಣೆದ ಮೊದಲ ಜೋಡಿ ಹತ್ತಿಯದು. ಸಂಜೆಯ ಹೊತ್ತಿಗೆ ಕಣಕಾಲಿನಿಂದ ಜಾರಿ ಪಾದದ ಮೇಲೆ ಮುದ್ದೆಯಾಗುತ್ತಿತ್ತು.

100 ಗ್ರಾಂಗೆ ಸುಮಾರು 400 ಮೀಟರ್ ಬರುವ ತೆಳು ನೂಲು ಕಾಲುಚೀಲಕ್ಕೆ ರೂಢಿ, ಅದಕ್ಕೆ 2.25 ಅಥವಾ 2.5 ಮಿ.ಮೀ. ಕಡ್ಡಿ. ಆದರೆ ಕೈ ಇನ್ನೂ ಪಳಗದವರು ತುಸು ದಪ್ಪ ನೂಲು, 3 ಮಿ.ಮೀ. ಕಡ್ಡಿ ಹಿಡಿಯುವುದೇ ಲೇಸು. ಕೆಲಸ ಬೇಗ ಸಾಗುತ್ತದೆ, ತಪ್ಪೂ ಕಣ್ಣಿಗೆ ಬೀಳುತ್ತದೆ.

ಎರಡೂ ತುದಿಗೆ ಮೊನೆಯಿರುವ ಐದು ಕಡ್ಡಿಗಳ ಕಟ್ಟು ಕೇಳಿ, ಬಿದಿರಿನದೇ ಇರಲಿ. ಉಕ್ಕಿನ ಕಡ್ಡಿಯಿಂದ ಕುಣಿಕೆಗಳು ಸರ್ರನೆ ಜಾರುತ್ತವೆ. ಕಡುಕಪ್ಪು ನೂಲು ಬೇಡ, ರಾತ್ರಿ ದೀಪದಡಿ ಕುಣಿಕೆ ಎಣಿಸಲಾಗುವುದಿಲ್ಲ. ಎರಡು ಉಂಡೆ ಕೊಳ್ಳುವುದಾದರೆ ಚೀಟಿಯ ಮೇಲೆ ಬಣ್ಣದ ಲಾಟ್ ಸಂಖ್ಯೆ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.