ಜೈಸಲ್ಮೇರ್ ನೋಡಬೇಕಾ? ನೀರಿನ ಜಾಡು ಹಿಡಿದು ಹೋಗಿ

ಜೈಸಲ್ಮೇರ್ ಅಂದ ಕೂಡಲೇ ಸಮ್ ಮರಳುದಿಬ್ಬ, ಒಂಟೆ ಸವಾರಿ, ಟೆಂಟು. ಮೊದಲ ಸಲ ನಾನೂ ಅಷ್ಟೇ ಮಾಡಿದ್ದು. ನಡುರಾತ್ರಿವರೆಗೆ ಡಿಜೆ ಗದ್ದಲ ಸಹಿಸಿಕೊಂಡು, ಬೆಳಿಗ್ಗೆ ಶೂನಲ್ಲಿದ್ದ ಮರಳು ಕೊಡವಿ ವಾಪಸ್ ಬಂದೆ. ಎರಡನೇ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ಹೋದೆ: ವರ್ಷಕ್ಕೆ 200 ಮಿ.ಮೀ. ಮಳೆಯೂ ಸರಿಯಾಗಿ ಬೀಳದ ಜಾಗದಲ್ಲಿ ಜನ ಎಂಟುನೂರು ವರ್ಷ ಹೇಗೆ ಬದುಕಿದರು? ನೀವೂ ಹಾಗೇ ನೋಡಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಮೂರು ದಿನ ಸಾಕು.

ಮೊದಲ ದಿನ ಊರು. ಬೆಳಿಗ್ಗೆ ಗಡೀಸರ್ ಕೆರೆಯಿಂದ ಶುರು ಮಾಡಿ, ನಲ್ಲಿ ಬರುವ ಮೊದಲು ಊರಿಗೆ ಆಸರೆ ಅದೇ. ಆಮೇಲೆ ಕೋಟೆ. ಭಾಟಿ ದೊರೆ ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ್ದು, ಈಗಲೂ ಒಳಗೆ ಸಂಸಾರಗಳಿವೆ. ಸಿಂಧ್ ಕಡೆ ಓಡಾಡುತ್ತಿದ್ದ ಒಂಟೆ ವ್ಯಾಪಾರದ ದುಡ್ಡಿನಲ್ಲಿ ಬೆಳೆದ ಊರು ಇದು. ಮುಂಬೈ ಬಂದರು ಆ ವ್ಯಾಪಾರ ಎಳೆದುಕೊಂಡಿತು, 1947ರಲ್ಲಿ ಗಡಿ ಬಿದ್ದು ಉಳಿದ ದಾರಿಯೂ ಮುಚ್ಚಿತು. ಕೋಟೆ ನೋಡಿ, ಆದರೆ ಒಳಗಿನ ಹೋಟೆಲ್‌ನಲ್ಲಿ ಮಾತ್ರ ಇಳಿದುಕೊಳ್ಳಬೇಡಿ. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದ ಕೋಟೆ ಅದು. ಈಗ ಶವರ್, ಫ್ಲಶ್ ನೀರೆಲ್ಲ ಬುಡಕ್ಕೆ ಇಂಗಿ ಗುಡ್ಡವೇ ಸಡಿಲವಾಗುತ್ತಿದೆ.

ಎರಡನೇ ದಿನ ಕುಲ್ಧರಾ. ಪಾಲಿವಾಲ್ ಬ್ರಾಹ್ಮಣರು ಬಿಟ್ಟುಹೋದ ಹಾಳೂರು. ಡ್ರೈವರ್ ದೆವ್ವದ ಕಥೆ ಹೇಳೇ ಹೇಳುತ್ತಾರೆ, ಸುಮ್ನೆ ಕೇಳಿಸಿಕೊಳ್ಳಿ. ಆಮೇಲೆ ಆಸುಪಾಸಿನಲ್ಲಿ ಖಡೀನ್ ಎಲ್ಲಿದೆ ಅಂತ ವಿಚಾರಿಸಿ. ಕಲ್ಲುನೆಲದ ಇಳಿಜಾರಿನ ಕೆಳಗೆ ಉದ್ದಕ್ಕೆ ಮಣ್ಣಿನ ಏರಿ ಹಾಕಿರುತ್ತಾರೆ. ಮಳೆನೀರು ಹರಿದು ಬಂದು ಅಲ್ಲಿ ನಿಂತು ಇಂಗುತ್ತದೆ, ಆ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ. ಮೇಲಿನಿಂದ ಒಂದು ತಂಬಿಗೆ ನೀರೂ ಹಾಕುವುದಿಲ್ಲ! ಸುತ್ತ ಬೋಳು ನೆಲ, ನಡುವೆ ಹಸಿರು ಕಡಲೆ ಹೊಲ ನೋಡಿದಾಗ ನನಗೆ ಗದಗ ಕಡೆಯ ಹಿಂಗಾರಿ ನೆನಪಾಯಿತು. ಜೈಸಲ್ಮೇರ್ ಕಡೆ ಖೇಜ್ಡಿ ಅನ್ನುವ ಮರ ನಮ್ಮ ಬನ್ನಿ ಮರವೇ. ಅದರ ಎಳೆಕಾಯಿ ಒಣಗಿಸಿ ಮಾಡುವ ಕೇರ್ ಸಾಂಗ್ರಿ ಪಲ್ಯವನ್ನು ಸಜ್ಜೆ ರೊಟ್ಟಿ ಜೊತೆ ತಿನ್ನಿ.

ಮಧ್ಯಾಹ್ನ ಡೆಸರ್ಟ್ ನ್ಯಾಷನಲ್ ಪಾರ್ಕಿನ ಸುದಾಸರಿ. ಗೋಡಾವಣ್, ಅಂದರೆ ನಮ್ಮ ಸಿರುಗುಪ್ಪದ ಕಡೆ ಎರ್ಲಡ್ಡು ಅನ್ನುವ ಹಕ್ಕಿ, ಬಹುಪಾಲು ಉಳಿದಿರುವುದು ಈ ಜಿಲ್ಲೆಯಲ್ಲೇ. ಭಾರಿ ಮೈ, ಎದುರಿಗಿರುವುದು ಸರಿಯಾಗಿ ಕಾಣದ ಕಣ್ಣು, ಹಾಗಾಗಿ ಕರೆಂಟ್ ತಂತಿಗೆ ಬಡಿದು ಸಾಯುತ್ತದೆ. ಕಂಡರೆ ಪುಣ್ಯ, ಹತ್ತಿರ ಹೋಗಲು ಜೀಪಿನವರಿಗೆ ಒತ್ತಾಯ ಮಾಡಬೇಡಿ.

ರಾತ್ರಿ ಹಾಡು ಕೇಳಬೇಕಾದರೆ ಮಾಂಗಣಿಯಾರ್ ಹಾಡುಗಾರರನ್ನೇ ಕೇಳಿ, ಕಮಾಯಚಾ ತರಲು ಹೇಳಿ. ಕಮಾನಿನಲ್ಲಿ ನುಡಿಸುವ ವಾದ್ಯ, ದುಂಡನೆ ಹೊಟ್ಟೆ, ಮೇಲೆ ಚರ್ಮ. ಮುಸ್ಲಿಂ ಹಾಡುಗಾರರು ಇವರು, ತಲೆಮಾರುಗಳಿಂದ ಹಿಂದೂ ಯಜಮಾನರ ಮನೆಯ ಹೆರಿಗೆ, ಮದುವೆಗೆಲ್ಲ ಹಾಡುತ್ತಾ ಬಂದವರು.

ಮೂರನೇ ದಿನ ಪಾಕಿಸ್ತಾನದ ಗಡಿ. ಅದರ ಹತ್ತಿರದ ತನೋಟ್ ಊರು ಸುಮಾರು 120 ಕಿ.ಮೀ. ಬೆಳಿಗ್ಗೆ ಬೇಗ ಹೊರಡಿ, ಆಧಾರ್ ಕಾರ್ಡ್ ಜೊತೆಗಿರಲಿ, ದಾರಿಯಲ್ಲಿ ಸಿಗುವ ರಾಮಗಢದಲ್ಲೇ ಪೆಟ್ರೋಲ್ ಹಾಕಿಸಿ, ಮುಂದೆ ಮೊಬೈಲ್ ಸಿಗ್ನಲ್ ನಂಬಬೇಡಿ. ರಾಮಗಢದ ಸುತ್ತ ಬೇರಿ ಅನ್ನುವ ಕಿರುಬಾವಿಗಳಿವೆ. ಬಾಯಿ ಎಷ್ಟು ಕಿರಿದೆಂದರೆ ಸಣ್ಣ ಬಕೆಟ್ ಮಾತ್ರ ಇಳಿಯುತ್ತದೆ. ಕೆಳಗಿರುವುದು ಉಪ್ಪುನೀರು, ಆದರೆ ನಡುವಿನ ಜಿಪ್ಸಂ ಪದರ ಮಳೆಯ ತೇವವನ್ನು ಮೇಲೇ ಹಿಡಿದಿಡುತ್ತದೆ, ಅದು ಹನಿಹನಿಯಾಗಿ ಬಾವಿಗೆ ಜಿನುಗುತ್ತದೆ.

ತನೋಟ್ ಮಾತಾ ಗುಡಿಯನ್ನು ನಡೆಸುವುದು ಬಿಎಸ್‌ಎಫ್‌. 1965ರ ಪಾಕಿಸ್ತಾನ ಯುದ್ಧದಲ್ಲಿ ಬಿದ್ದು ಸಿಡಿಯದ ಶೆಲ್‌ಗಳನ್ನು ಒಳಗೆ ಇಟ್ಟಿದ್ದಾರೆ. ಅಲ್ಲಿಂದ ಗಡಿಕಂಬದವರೆಗೆ ಹೋಗಲು ಬೇರೆ ಅನುಮತಿ ಬೇಕು, ಹಿಂದಿನ ದಿನವೇ ವಿಚಾರಿಸಿ. ಬರುವಾಗ ಲೋಂಗೇವಾಲಾ ದಾರಿ ಹಿಡಿಯಿರಿ. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಸುಮಾರು 120 ಜನ ಪಾಕಿಸ್ತಾನದ ಟ್ಯಾಂಕ್ ಪಡೆಯನ್ನು ತಡೆದು ನಿಂತದ್ದು ಇಲ್ಲೇ, ಬೆಳಕು ಹರಿದ ಮೇಲೆ ಹಂಟರ್ ವಿಮಾನಗಳು ಬಂದವು. ಆದರೆ ಕತ್ತಲಾಗುವ ಮೊದಲು ಜೈಸಲ್ಮೇರ್ ಸೇರಿಕೊಳ್ಳಿ. ರಾತ್ರಿ ಡಾಂಬರು ರಸ್ತೆ ಮೇಲೆ ಒಂಟೆಗಳು ಆರಾಮಾಗಿ ಕೂತಿರುತ್ತವೆ, ಹಾರ್ನ್ ಹೊಡೆದರೂ ಏಳುವುದಿಲ್ಲ.