ಪ್ರೆಸ್‌ನಲ್ಲಿ ಬೆರಳು ಹೋದ ಮೇಲೆ ನಾನು ಮಾಡಿದ್ದು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಪ್ರೆಸ್ ಶಾಪ್. ತಗಡು ಒತ್ತಿ ಕತ್ತರಿಸುವ ಆರು ಪವರ್ ಪ್ರೆಸ್ ಮೆಷಿನ್, ಹದಿನೆಂಟು ಜನ. "ಇಷ್ಟು ಮೆತ್ತಗಿದ್ರೆ ತಲೆ ಮೇಲೆ ಕೂರ್ತಾರೆ" ಎಂದು, ಗಾಯವಾದ ಹುಡುಗನನ್ನು ನಾನು ಬೈಯದೆ ನೋಡಿಕೊಂಡದ್ದಕ್ಕೆ ಪಕ್ಕದ ಶೆಡ್ಡಿನವರು ನಕ್ಕಿದ್ದರು. ಎರಡು ವರ್ಷ ದಾಟಿತು, ಯಾರ ಬೆರಳೂ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಮಾಡಿದ್ದೆಲ್ಲ ತಪ್ಪೇ. ಮಂಡ್ಯ ಕಡೆಯ ಹುಡುಗ, ಸೇರಿ ಮೂರು ವಾರ ಆಗಿತ್ತು. ತೋರುಬೆರಳಿನ ತುದಿ ಹೋಯಿತು. ಗಾಬರಿಯಲ್ಲಿ ತುಂಡನ್ನು ಸೀದಾ ಐಸಿಗೆ ಹಾಕಿಕೊಂಡು ಓಡಿದೆವು. ಹಾಗೆ ಹಾಕಿದರೆ ಮಾಂಸ ಹೆಪ್ಪುಗಟ್ಟಿ ಕೆಡುತ್ತದೆ. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ಮೇಲೆ ಇಡಬೇಕು. ಡಾಕ್ಟರು ಬೈದ ಮೇಲೆ ಬುದ್ಧಿ ಬಂತು. ಬೆರಳು ಕೂಡಲಿಲ್ಲ.

ಇನ್ನೊಂದು, ಅವನನ್ನು ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ, ಸೇರಿಸಿರಲಿಲ್ಲ. ನಿಲ್ತಾನೋ ಇಲ್ವೋ ನೋಡೋಣ ಅಂದುಕೊಂಡಿದ್ದೆ. ಹದಿನಾಲ್ಕು ಸಾವಿರ ಸಂಬಳಕ್ಕೆ ನಮ್ಮ ಪಾಲು ಶೇ. 3.25, ಅಂದರೆ ತಿಂಗಳಿಗೆ 455 ರೂಪಾಯಿ. ಅದನ್ನು ಉಳಿಸಲು ಹೋಗಿ ಆಸ್ಪತ್ರೆ, ಪರಿಹಾರ, ಓಡಾಟ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಕಳೆದೆ. ಈಗ ಕೆಲಸಕ್ಕೆ ಬಂದ ದಿನವೇ ಹೆಸರು ಹಾಕಿಸುತ್ತೇನೆ. ಕೆಲಸದಲ್ಲಿ ಆದ ಗಾಯಕ್ಕೆ ಮೊದಲ ದಿನದಿಂದಲೇ ಇಎಸ್‌ಐ ಅನ್ವಯಿಸುತ್ತದೆ.

ಎರಡನೇ ಸಲ, ಇನ್ನೊಬ್ಬನ ಹೆಬ್ಬೆರಳು ಸೀಳಿತು. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿಸಿದೆ. ಡೈ (ಪ್ರೆಸ್ಸಿನ ಅಚ್ಚು) ಮುಟ್ಟಬೇಡಿ, ರಕ್ತ ಒರೆಸಬೇಡಿ, ಮೊದಲು ಫೋಟೋ ತೆಗೀರಿ ಅಂದೆ. ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಅವನ ಮನೆಗೆ ಫೋನನ್ನೂ ನಾನೇ ಮಾಡಿದೆ. ಅದು ಕಷ್ಟದ ಫೋನು. ಸಂಜೆಯೊಳಗೆ ಇಎಸ್‌ಐ ಆನ್‌ಲೈನಿನಲ್ಲಿ ಅಪಘಾತದ ವರದಿ ಹಾಕಿದೆ. ರಜೆಯ ದಿನಗಳಿಗೆ ಅವರು ಕೂಲಿಯ ಶೇ. 90 ಕೊಡುತ್ತಾರೆ, ಆದರೆ ದುಡ್ಡು ಬರುವುದು ತಡ. ಅಲ್ಲಿವರೆಗೆ ಮನೆ ಬಾಡಿಗೆ ಕಾಯುತ್ತಾ? ವಾರವಾರ ಮುಂಗಡ ಕೊಟ್ಟೆ. ಉಳಿದ ಹತ್ತು ಶೇಕಡಾ ನನ್ನ ಕೈಯಿಂದ. ಏಳು ವಾರಕ್ಕೆ ಮೂರು ಸಾವಿರವೂ ಆಗಲಿಲ್ಲ.

ಯಾರ ತಪ್ಪು ಅಂತ ಅವತ್ತು ಕೇಳಲಿಲ್ಲ. ನಾಲ್ಕನೇ ದಿನ ಆ ಮೆಷಿನ್ ಪಕ್ಕದಲ್ಲೇ ಎಲ್ಲರಿಗೂ ಟೀ, ವಡೆ. ಆಗ ಹೊರಬಿತ್ತು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಲಿ ಅಂತ ಇರುವ ಎರಡು ಬಟನ್ನಿನಲ್ಲಿ, ಒಂದು ಸದಾ ಒತ್ತಿಕೊಂಡೇ ಇರುವ ಹಾಗೆ ಸೈಕಲ್ ಟ್ಯೂಬ್ ಕಟ್ಟಿದ್ದರು. ಯಾಕೆ? ನಾಲ್ಕು ಸಾವಿರ ಪೀಸ್ ದಾಟಿದರೆ ನೂರಿಪ್ಪತ್ತು ರೂಪಾಯಿ ಜಾಸ್ತಿ ಅಂತ ನಾನೇ ಆಸೆ ಹಚ್ಚಿದ್ದೆ! ಅದನ್ನು ಸಂಬಳಕ್ಕೇ ಸೇರಿಸಿಬಿಟ್ಟೆ. ಒಂದು ತಿಂಗಳು ಉತ್ಪಾದನೆ ಹತ್ತು ಪರ್ಸೆಂಟ್ ಇಳಿಯಿತು, ಆಮೇಲೆ ಸರಿಹೋಯಿತು.

ಮಧ್ಯೆ ಒಂದು ಪೆದ್ದು ಪ್ರಯೋಗವೂ ಮಾಡಿದೆ. ಅಪಘಾತವಿಲ್ಲದ ತಿಂಗಳಿಗೆ ತಲಾ ಐನೂರು ಬಹುಮಾನ. ಐದು ತಿಂಗಳು ಅಪಘಾತವೇ ಇಲ್ಲ, ನಾನು ಬೀಗುತ್ತಿದ್ದೆ. ಆಮೇಲೆ ಒಬ್ಬನ ಅಂಗೈ ಕೀವು ತುಂಬಿ ಊದಿಕೊಂಡಿದ್ದು ಕಂಡಿತು. ಬಹುಮಾನ ತಪ್ಪುತ್ತೆ ಅಂತ ಎಲ್ಲರೂ ಸೇರಿ ಬಚ್ಚಿಟ್ಟಿದ್ದರು. ಅವತ್ತೇ ನಿಲ್ಲಿಸಿದೆ.

ಹೆಬ್ಬೆರಳಿನವನಿಗೆ ಡಾಕ್ಟರು ಫಿಟ್ ಬರೆದುಕೊಟ್ಟ ಮೇಲೆ ಮೊದಲು ಗೇಜ್ ಹಿಡಿದು ಪೀಸಿನ ಅಳತೆ ನೋಡುವ ಕೆಲಸ ಕೊಟ್ಟೆ. ಈಗ ಡೈ ಸೆಟ್ಟಿಂಗ್ ಅವನದೇ.

ಮೊನ್ನೆ ಪಕ್ಕದ ಶೆಡ್ಡಿನವರು ಬಂದು, "ಟ್ಯೂಬ್ ವಿಷಯ ಹುಡುಗರ ಬಾಯಿಂದ ಹೇಗೆ ಹೊರಡಿಸಿದ್ರಿ ಸಾರ್?" ಎಂದು ಕೇಳಿದರು. ಟೀ ಕುಡಿಸಿದೆ ಅಂದೆ. ಬರೀ ಟೀಗೆ ಯಾರೂ ಬಾಯಿ ಬಿಡಲ್ಲ, ಆದರೆ ಮಿಕ್ಕಿದ್ದನ್ನು ಅವರಿಗೂ ಹೇಳಲಿಲ್ಲ.